ಇಂಧನವಿಲ್ಲದ ವೇಗ: ಕ್ರೀಡಾಪಟುವಿನ ದೇಹದಲ್ಲಿ ಕೆಫೀನ್ ಮಾಡುವ ಕೆಲಸ

ಕೆಫೀನ್ ಆಹಾರವಲ್ಲ. ಸ್ನಾಯುಗಳು ಉರಿಸಿ ಬಳಸಿಕೊಳ್ಳಬಹುದಾದ ಶಕ್ತಿ ಅದರಲ್ಲಿ ಇಲ್ಲವೆಂದೇ ಹೇಳಬೇಕು. ಅದು ಸ್ನಾಯುವಿನ ಗಾತ್ರವನ್ನು ಬೆಳೆಸುವುದಿಲ್ಲ, ದೇಹವು ಬಳಸಿಕೊಳ್ಳಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣವನ್ನೂ ಗಣನೀಯವಾಗಿ ಬದಲಿಸುವುದಿಲ್ಲ. ಹೀಗಿದ್ದರೂ ಎರಡು ಮೂರು ಲೋಟ ಕಾಫಿಯಲ್ಲಿರುವಷ್ಟು ಕೆಫೀನ್ ಸೇವಿಸಿದ ಸೈಕಲ್ ಸ್ಪರ್ಧಿಗಳು, ಸೇವಿಸದ ದಿನಕ್ಕಿಂತ ಬೇಗ ಗುರಿ ಮುಟ್ಟುತ್ತಾರೆ ಎಂಬುದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2018ರಲ್ಲಿ ಪ್ರಕಟಿಸಿದ ಒಮ್ಮತದ ಹೇಳಿಕೆಯಲ್ಲಿ, ಮಾರುಕಟ್ಟೆಯಲ್ಲಿರುವ ಲೆಕ್ಕವಿಲ್ಲದಷ್ಟು ಪೂರಕಗಳ ಪೈಕಿ ಸಾಮರ್ಥ್ಯವನ್ನು ನೇರವಾಗಿ ಹೆಚ್ಚಿಸುತ್ತವೆಂಬುದಕ್ಕೆ ಗಟ್ಟಿಯಾದ ಆಧಾರವಿರುವ ಬೆರಳೆಣಿಕೆಯ ವಸ್ತುಗಳನ್ನು ಹೆಸರಿಸಿದಾಗ, ಕ್ರಿಯಾಟಿನ್, ನೈಟ್ರೇಟ್, ಬೀಟಾ-ಅಲನೈನ್ ಮತ್ತು ಬೈಕಾರ್ಬನೇಟ್‌ಗಳ ಜೊತೆಗೆ ಕೆಫೀನ್ ಕೂಡ ಆ ಪಟ್ಟಿಯಲ್ಲಿತ್ತು. ಇಂಧನವನ್ನೇ ಒದಗಿಸದ ವಸ್ತುವೊಂದು ಓಟವನ್ನು ಹೇಗೆ ಚುರುಕುಗೊಳಿಸುತ್ತದೆ? ಈ ಪ್ರಶ್ನೆಗೆ ಸಿಗುವ ಉತ್ತರದಲ್ಲೇ ಕೆಫೀನಿನ ಪ್ರಯೋಜನ, ಅದರ ಮಿತಿ ಮತ್ತು ಅದರ ಅಪಾಯ ಮೂರೂ ಅಡಗಿವೆ.

ಪ್ರಶ್ನೆ ಹಳೆಯದು. ಸ್ನಾಯುಗಳ ಕೆಲಸದ ಮೇಲೆ ಕೆಫೀನ್ ಬೀರುವ ಪರಿಣಾಮವನ್ನು ಇಂಗ್ಲೆಂಡಿನ ರಿವರ್ಸ್ ಮತ್ತು ವೆಬ್ಬರ್ ಎಂಬ ಸಂಶೋಧಕರು 1907ರಲ್ಲೇ ಅಳೆಯಲು ಹೊರಟಿದ್ದರು. ಆದರೆ ಆಧುನಿಕ ಕ್ರೀಡಾ ವಿಜ್ಞಾನದ ಗಮನ ಇತ್ತ ಹರಿದದ್ದು 1978ರಲ್ಲಿ, ಅಮೆರಿಕದ ಬಾಲ್ ಸ್ಟೇಟ್ ವಿಶ್ವವಿದ್ಯಾಲಯದ ಡೇವಿಡ್ ಕಾಸ್ಟಿಲ್ ಮತ್ತು ಸಂಗಡಿಗರು ಒಂಬತ್ತು ಮಂದಿ ಸೈಕಲ್ ಸ್ಪರ್ಧಿಗಳ ಮೇಲೆ ನಡೆಸಿದ ಪ್ರಯೋಗದಿಂದ. 330 ಮಿಲಿಗ್ರಾಂ ಕೆಫೀನ್ ಇದ್ದ ಕಾಫಿ ಕುಡಿದು ಒಂದು ಗಂಟೆಯ ಬಳಿಕ, ಒಂದೇ ಬಿರುಸಿನಲ್ಲಿ ಕೈಲಾಗದೆ ನಿಲ್ಲುವವರೆಗೂ ಪೆಡಲ್ ತುಳಿದ ಅವರು ಸರಾಸರಿ 90 ನಿಮಿಷ ತಾಳಿಕೊಂಡರು. ಕೆಫೀನ್ ತೆಗೆದ ಕಾಫಿ ಕುಡಿದ ದಿನ ಅವರ ತಾಳಿಕೆ ಸುಮಾರು 75 ನಿಮಿಷವಷ್ಟೇ ಆಗಿತ್ತು.

ಇದಕ್ಕೆ ಆಗ ಕೊಟ್ಟ ವಿವರಣೆ ಆಕರ್ಷಕವಾಗಿತ್ತು. ಕೆಫೀನ್ ಅಡ್ರಿನಲಿನ್ ಹಾರ್ಮೋನಿನ ಮಟ್ಟವನ್ನು ಏರಿಸುತ್ತದೆ, ಅದರಿಂದ ದೇಹದಲ್ಲಿ ಶೇಖರವಾಗಿರುವ ಕೊಬ್ಬು ಕರಗಿ ರಕ್ತಕ್ಕೆ ಬರುತ್ತದೆ, ಸ್ನಾಯುಗಳು ಆ ಕೊಬ್ಬನ್ನು ಉರಿಸುತ್ತವೆ, ಹೀಗಾಗಿ ಅವುಗಳಲ್ಲಿ ಸಂಗ್ರಹವಾಗಿರುವ ಗ್ಲೈಕೋಜನ್ ಎಂಬ ಅಮೂಲ್ಯ ಪಿಷ್ಟ ಕೊನೆಯ ಹಂತದವರೆಗೂ ಉಳಿಯುತ್ತದೆ ಎಂಬುದು ಆ ವಾದ. ಮುಂದಿನ ಎರಡು ದಶಕಗಳಲ್ಲಿ ಈ ವಾದ ಒಂದೊಂದೇ ಕಡೆಯಿಂದ ಸಡಿಲವಾಯಿತು. ಸ್ನಾಯುವಿನ ಚೂರುಗಳನ್ನು ತೆಗೆದು ಪರೀಕ್ಷಿಸಿದಾಗ ಗ್ಲೈಕೋಜನ್ ಉಳಿತಾಯ ಎಲ್ಲ ಪ್ರಯೋಗಗಳಲ್ಲೂ ಕಾಣಿಸಲಿಲ್ಲ. ಗ್ಲೈಕೋಜನ್ ಬರಿದಾಗುವ ಪ್ರಶ್ನೆಯೇ ಏಳದ, ಕೆಲವೇ ನಿಮಿಷಗಳಲ್ಲಿ ಮುಗಿಯುವ ಸ್ಪರ್ಧೆಗಳಲ್ಲೂ ಕೆಫೀನ್ ನೆರವಾಗುತ್ತದೆಂದು ತಿಳಿಯಿತು. ಎಲ್ಲಕ್ಕಿಂತ ನಿರ್ಣಾಯಕವಾದದ್ದು ಕೆನಡಾದ ಟೆರಿ ಗ್ರಹಾಂ ಮತ್ತು ಲಾರೆನ್ಸ್ ಸ್ಪ್ರೀಟ್ 1995ರಲ್ಲಿ ಪ್ರಕಟಿಸಿದ ಅಧ್ಯಯನ: ದೇಹತೂಕದ ಪ್ರತಿ ಕಿಲೋಗ್ರಾಂಗೆ 3 ಮಿಲಿಗ್ರಾಂನಷ್ಟು ಕಡಿಮೆ ಪ್ರಮಾಣದಲ್ಲಿ ಅಡ್ರಿನಲಿನ್ ಏರಲಿಲ್ಲ, ಆದರೂ ಓಟಗಾರರ ತಾಳಿಕೆ ಹೆಚ್ಚಿತು. ಮೂಲ ವಾದದ ಮೊದಲ ಮೆಟ್ಟಿಲೇ ಇಲ್ಲದಿದ್ದರೂ ಫಲ ಮಾತ್ರ ಹಾಗೆಯೇ ಉಳಿಯಿತು. ‘ಕೊಬ್ಬು ಕರಗಿಸುವ ಕೆಫೀನ್’ ಎಂಬ ಜಾಹೀರಾತಿನ ಮಾತು ಇಂದಿಗೂ ಸತ್ತಿಲ್ಲವಾದರೂ, ಕ್ರೀಡಾ ಸಾಮರ್ಥ್ಯದ ಕಾರಣವನ್ನು ಅಲ್ಲಿ ಹುಡುಕುವುದನ್ನು ಬಹುಪಾಲು ಸಂಶೋಧಕರು ಕೈಬಿಟ್ಟಿದ್ದಾರೆ.

ಕಾರಣವಿರುವುದು ಮುಖ್ಯವಾಗಿ ಮಿದುಳಿನಲ್ಲಿ. ನಮ್ಮ ಜೀವಕೋಶಗಳು ಯಾವುದೇ ಕೆಲಸಕ್ಕೂ ಎಟಿಪಿ ಎಂಬ ಅಣುವನ್ನು ಒಡೆದು ಶಕ್ತಿ ಪಡೆಯುತ್ತವೆ. ಹೀಗೆ ಒಡೆಯುತ್ತ ಹೋದಂತೆ ಅಡೆನೊಸಿನ್ ಎಂಬ ವಸ್ತು ಕೋಶಗಳ ಸುತ್ತ ಹೆಚ್ಚುತ್ತ ಬರುತ್ತದೆ. ಎಷ್ಟು ಕೆಲಸ ಆಗಿದೆ ಎಂಬುದಕ್ಕೆ ದೇಹವೇ ಇಟ್ಟುಕೊಂಡ ಲೆಕ್ಕವೆಂದು ಅದನ್ನು ಭಾವಿಸಬಹುದು. ನರಕೋಶಗಳ ಮೇಲ್ಮೈಯಲ್ಲಿ ಅಡೆನೊಸಿನ್ ಬಂದು ಕೂರುವ ಗ್ರಾಹಕಗಳಿವೆ. ಅದು ಅಲ್ಲಿ ಕುಳಿತಾಗ ನರಕೋಶದ ಚಟುವಟಿಕೆ ತಗ್ಗುತ್ತದೆ, ಹುರುಪಿಗೆ ಕಾರಣವಾಗುವ ಡೋಪಮೈನ್‌ನಂಥ ರಾಸಾಯನಿಕಗಳ ಪ್ರಭಾವ ಕುಂದುತ್ತದೆ, ತೂಕಡಿಕೆ ಆವರಿಸುತ್ತದೆ. ಕೆಫೀನ್ ಅಣುವಿನ ರಚನೆ ಅಡೆನೊಸಿನ್ನಿನ ಒಂದು ಭಾಗವನ್ನು ಹೋಲುವುದರಿಂದ ಅದೇ ಗ್ರಾಹಕಗಳಲ್ಲಿ ಅದೂ ಕೂರಬಲ್ಲದು. ಬೀಗದೊಳಗೆ ಹೊಕ್ಕು ತಿರುಗದೆ ನಿಂತ ಕೀಲಿಯಂತೆ, ಅದು ತಾನೂ ಸಂಕೇತ ಕಳುಹಿಸುವುದಿಲ್ಲ, ಅಡೆನೊಸಿನ್ನಿಗೂ ಜಾಗ ಬಿಡುವುದಿಲ್ಲ. ಅಡೆನೊಸಿನ್ ಮಾತ್ರ ಸುತ್ತಲೂ ಹಾಗೆಯೇ ಇರುತ್ತದೆ. ಅಂದರೆ ದಣಿವು ಎಲ್ಲಿಗೂ ಹೋಗಿರುವುದಿಲ್ಲ, ಅದರ ಸುದ್ದಿ ಮಿದುಳಿಗೆ ಪೂರ್ತಿಯಾಗಿ ತಲುಪಿರುವುದಿಲ್ಲ.

ಪರಿಣಾಮದ ತಾಣ ಮಿದುಳೇ ಎಂಬುದಕ್ಕೆ 2003ರಲ್ಲಿ ಅಮೆರಿಕದ ಮಾರ್ಕ್ ಡೇವಿಸ್ ಮತ್ತು ಸಂಗಡಿಗರು ಇಲಿಗಳ ಮೇಲೆ ನಡೆಸಿದ ಪ್ರಯೋಗ ಒಳ್ಳೆಯ ಸಾಕ್ಷಿ. ಅತ್ಯಲ್ಪ ಪ್ರಮಾಣದ ಕೆಫೀನನ್ನು ನೇರವಾಗಿ ಮಿದುಳಿಗೆ ಸೇರಿಸಿದಾಗ ಇಲಿಗಳು ಸುಸ್ತಾಗುವ ಮುನ್ನ ಸುಮಾರು 60 ಶೇಕಡಾ ಹೆಚ್ಚು ಹೊತ್ತು ಓಡಿದವು. ಅಷ್ಟೇ ಪ್ರಮಾಣವನ್ನು ಹೊಟ್ಟೆಯ ಭಾಗಕ್ಕೆ ಚುಚ್ಚಿದಾಗ ಯಾವ ವ್ಯತ್ಯಾಸವೂ ಆಗಲಿಲ್ಲ. ಅಡೆನೊಸಿನ್ನಿನಂತೆ ವರ್ತಿಸುವ ವಸ್ತುವನ್ನು ಮಿದುಳಿಗೆ ಸೇರಿಸಿದಾಗ ಓಟ ಬೇಗನೆ ನಿಂತಿತು. ಸ್ನಾಯುವಿನ ಮೇಲೆ ಕೆಫೀನಿಗೆ ನೇರ ಪ್ರಭಾವವೇ ಇಲ್ಲವೆಂದು ಇದರ ಅರ್ಥವಲ್ಲ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿಟ್ಟ ಸ್ನಾಯುತಂತುವಿಗೆ ಕೆಫೀನ್ ಸೋಕಿಸಿದರೆ ಅದರೊಳಗಿನ ಕ್ಯಾಲ್ಸಿಯಂ ಬಿಡುಗಡೆಯಾಗಿ ಸಂಕೋಚನ ಬಲಗೊಳ್ಳುವುದು ನಿಜ. ಆದರೆ ಅದಕ್ಕೆ ಬೇಕಾಗುವ ಸಾಂದ್ರತೆ ಮನುಷ್ಯನ ರಕ್ತದಲ್ಲಿ ಉಂಟಾದರೆ ಅವನು ಮೈದಾನದಲ್ಲಿ ಇರಲಾರ, ಆಸ್ಪತ್ರೆಯಲ್ಲಿರಬೇಕಾಗುತ್ತದೆ.

ಮನುಷ್ಯರಲ್ಲಿ ಈ ಮಿದುಳಿನ ಪರಿಣಾಮವನ್ನು ಅಳೆಯುವ ಬಗೆ ಸರಳವಾದದ್ದು. ವ್ಯಾಯಾಮದ ನಡುವೆ ‘ಈಗ ಎಷ್ಟು ಶ್ರಮವೆನಿಸುತ್ತಿದೆ’ ಎಂದು ಕೇಳಿ, 6ರಿಂದ 20ರವರೆಗಿನ ಬೋರ್ಗ್ ಮಾಪಕದಲ್ಲಿ ಒಂದು ಅಂಕಿಯನ್ನು ಹೇಳಿಸುತ್ತಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ನಡೆದ ವಿಶ್ಲೇಷಣೆಯೊಂದರ ಪ್ರಕಾರ, ಕೆಫೀನ್ ಸೇವಿಸಿದಾಗ ಅಷ್ಟೇ ಕೆಲಸಕ್ಕೆ ಹೇಳುವ ಶ್ರಮದ ಅಂಕಿ ಸರಾಸರಿ 5.6 ಶೇಕಡಾ ಕಡಿಮೆಯಾಗುತ್ತದೆ. ನನಗೆ ಹೆಚ್ಚು ಅರ್ಥಪೂರ್ಣವೆನಿಸುವುದು ಅದೇ ವಿಶ್ಲೇಷಣೆಯ ಇನ್ನೊಂದು ಅಂಶ: ಪೂರ್ತಿ ಬಳಲಿ ನಿಲ್ಲುವ ಕ್ಷಣದಲ್ಲಿ ಹೇಳುವ ಅಂಕಿ ಕೆಫೀನ್ ಇದ್ದರೂ ಇಲ್ಲದಿದ್ದರೂ ಒಂದೇ. ಕೊನೆಯ ಗೋಡೆ ಇದ್ದಲ್ಲೇ ಇದೆ, ಅಲ್ಲಿಗೆ ಮುಟ್ಟುವುದು ತಡವಾಗುತ್ತದೆ. ನೋವಿನ ಸಂಕೇತಗಳಲ್ಲೂ ಅಡೆನೊಸಿನ್ನಿನ ಪಾತ್ರವಿರುವುದರಿಂದ, ಬಿರುಸಾಗಿ ಪೆಡಲ್ ತುಳಿಯುವಾಗ ತೊಡೆಯಲ್ಲಿ ಏಳುವ ಉರಿಯೂ ಸ್ವಲ್ಪ ತಗ್ಗುತ್ತದೆ. ಕೆಲವು ತಲೆನೋವಿನ ಮಾತ್ರೆಗಳಲ್ಲಿ ಕೆಫೀನನ್ನು ಬೆರೆಸುವುದು ಸುಮ್ಮನಲ್ಲ.

ಹಾಗಾದರೆ ಲಾಭ ಎಷ್ಟು? ಇಲ್ಲಿ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. 1978ರ ಪ್ರಯೋಗದಲ್ಲಿ ಕಂಡ ಹೆಚ್ಚಳ ಹತ್ತಿರ ಹತ್ತಿರ 20 ಶೇಕಡಾ. ಆದರೆ ಅದು ನಿಗದಿತ ಬಿರುಸಿನಲ್ಲಿ ಎಷ್ಟು ಹೊತ್ತು ತಾಳಬಲ್ಲರೆಂಬ ಪರೀಕ್ಷೆ. ಇಂಥ ಪರೀಕ್ಷೆಯಲ್ಲಿ ಸಾಮರ್ಥ್ಯ ಕೊಂಚವೇ ಹೆಚ್ಚಿದರೂ ತಾಳಿಕೆಯ ಹೊತ್ತು ತುಂಬ ಲಂಬಿಸುತ್ತದೆ. ನಿಜವಾದ ಸ್ಪರ್ಧೆಯಲ್ಲಿ ಇಷ್ಟು ಹೊತ್ತು ನಿಲ್ಲಬಲ್ಲೆನೆಂದು ತೋರಿಸಿದವರಿಗೆ ಪದಕ ಸಿಗುವುದಿಲ್ಲ, ನಿಗದಿತ ದೂರವನ್ನು ಬೇಗ ಮುಗಿಸಿದವರಿಗೆ ಸಿಗುತ್ತದೆ. ಆ ಬಗೆಯ ಪರೀಕ್ಷೆಗಳಲ್ಲಿ, ಅಂದರೆ ದೀರ್ಘದೂರದ ಓಟ, ಸೈಕಲ್, ದೋಣಿ ಸ್ಪರ್ಧೆಗಳನ್ನು ಹೋಲುವ ಸಂದರ್ಭಗಳಲ್ಲಿ, ಸರಾಸರಿ ಲಾಭ 2ರಿಂದ 4 ಶೇಕಡಾ ಮಾತ್ರ. ಮಾತ್ರ ಎಂದೆನಾದರೂ, 10 ಕಿಲೋಮೀಟರನ್ನು 40 ನಿಮಿಷದಲ್ಲಿ ಓಡುವವರಿಗೆ 2 ಶೇಕಡಾ ಎಂದರೆ 48 ಸೆಕೆಂಡುಗಳು. ಮೊದಲ ಸ್ಥಾನಕ್ಕೂ ಹತ್ತನೆಯ ಸ್ಥಾನಕ್ಕೂ ನಡುವಿನ ಅಂತರ ಎಷ್ಟೋ ಬಾರಿ ಇದಕ್ಕಿಂತ ಕಡಿಮೆಯಿರುತ್ತದೆ.

ಭಾರ ಎತ್ತುವುದು, ಜಿಗಿತ, ಕೆಲವೇ ಸೆಕೆಂಡುಗಳ ಓಟ ಮುಂತಾದವುಗಳಲ್ಲಿ ಲಾಭ ಇದೆಯಾದರೂ ಚಿಕ್ಕದು, ಎಲ್ಲ ಅಧ್ಯಯನಗಳಲ್ಲೂ ಒಂದೇ ರೀತಿ ಕಾಣುವುದಿಲ್ಲ. ಫುಟ್‌ಬಾಲ್, ಹಾಕಿಯಂಥ ತಂಡದ ಆಟಗಳಲ್ಲಿ ಪಂದ್ಯದ ಕೊನೆಯ ಹಂತದ ಓಟ ಮತ್ತು ಜಾಗರೂಕತೆಗೆ ಅದು ನೆರವಾಗಬಹುದು. ಗುರಿಕಾರಿಕೆಯ ಸ್ಪರ್ಧೆಗಳ ಲೆಕ್ಕವೇ ಬೇರೆ: ಬಿಲ್ಲುಗಾರಿಕೆ ಅಥವಾ ಶೂಟಿಂಗ್‌ನಲ್ಲಿ ಕೈ ನಡುಗದಿರುವುದೇ ಅರ್ಧ ಗೆಲುವಾಗಿರುವಾಗ, ಕೈ ನಡುಗಿಸುವ ಮತ್ತು ಎದೆಬಡಿತ ಹೆಚ್ಚಿಸುವ ವಸ್ತುವನ್ನು ಪ್ರಮಾಣ ಮೀರಿ ಸೇವಿಸುವುದು ಎದುರಾಳಿಗೆ ಮಾಡಿದ ಉಪಕಾರವೇ ಸರಿ.

ಪ್ರಮಾಣದ ವಿಷಯದಲ್ಲಿ ಸಂಶೋಧಕರ ನಡುವೆ ಸಾಕಷ್ಟು ಒಮ್ಮತವಿದೆ. ಬಹುತೇಕ ಪ್ರಯೋಗಗಳಲ್ಲಿ ಫಲ ಕೊಟ್ಟಿರುವುದು ದೇಹತೂಕದ ಪ್ರತಿ ಕಿಲೋಗ್ರಾಂಗೆ 3ರಿಂದ 6 ಮಿಲಿಗ್ರಾಂ, ಎಂದರೆ 60 ಕಿಲೋಗ್ರಾಂ ತೂಗುವವರಿಗೆ 180ರಿಂದ 360 ಮಿಲಿಗ್ರಾಂ. ಕೆಲವರಿಗೆ 2 ಮಿಲಿಗ್ರಾಂನಷ್ಟೂ ಸಾಕಾಗಬಹುದು. ಮೇಲೆ ಹೇಳಿದ 1995ರ ಅಧ್ಯಯನದಲ್ಲಿ 9 ಮಿಲಿಗ್ರಾಂ ಕೊಟ್ಟಾಗ, 3 ಮತ್ತು 6ರಲ್ಲಿ ಕಂಡ ಸ್ಪಷ್ಟ ಲಾಭ ಕಾಣಲಿಲ್ಲ, ಅಡ್ರಿನಲಿನ್ ಮಾತ್ರ ಎಲ್ಲಕ್ಕಿಂತ ಹೆಚ್ಚು ಏರಿತ್ತು. ಗ್ರಾಹಕಗಳು ಆಗಲೇ ಭರ್ತಿಯಾಗಿರುವಾಗ ಮತ್ತಷ್ಟು ಸುರಿದರೆ ಸಿಗುವುದು ಹೊಟ್ಟೆ ತೊಳಸುವಿಕೆ, ನಡುಕ, ಆತಂಕ ಮತ್ತು ನಿದ್ರಾಹೀನತೆ.

ನುಂಗಿದ ಕೆಫೀನ್ ಬಹುತೇಕ ಪೂರ್ತಿಯಾಗಿ ರಕ್ತ ಸೇರುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಗರಿಷ್ಠ ಮಟ್ಟ ಮುಟ್ಟುತ್ತದೆ. ಸ್ಪರ್ಧೆಗೆ ಒಂದು ಗಂಟೆ ಮುಂಚೆ ಎಂಬ ವಾಡಿಕೆ ಬಂದದ್ದು ಇದರಿಂದಲೇ. ಜಗಿಯುವ ಗಮ್‌ನಲ್ಲಿರುವ ಕೆಫೀನ್ ಬಾಯಿಯ ಒಳಪೊರೆಯ ಮೂಲಕವೂ ಹೀರಿಕೆಯಾಗುವುದರಿಂದ ಇನ್ನೂ ಬೇಗ ಕೆಲಸ ಮಾಡುತ್ತದೆ. ಎರಡು ಗಂಟೆಗಳಿಗೂ ಮಿಕ್ಕಿ ನಡೆಯುವ ಸ್ಪರ್ಧೆಗಳಲ್ಲಿ ಆರಂಭದಲ್ಲೇ ಎಲ್ಲವನ್ನೂ ಸೇವಿಸಬೇಕಾಗಿಲ್ಲ. ದಣಿವು ಆರಂಭವಾಗುವ ಹೊತ್ತಿಗೆ ಸೇವಿಸಿದ 100ರಿಂದ 200 ಮಿಲಿಗ್ರಾಂ ಕೂಡ ತರಬೇತಾದ ಸೈಕಲ್ ಸ್ಪರ್ಧಿಗಳ ಕೊನೆಯ ಹಂತದ ವೇಗವನ್ನು ಹೆಚ್ಚಿಸಿದೆ. ದಣಿವಿನ ಸುದ್ದಿಯನ್ನು ತಡೆಯುವುದೇ ಕೆಫೀನಿನ ಕೆಲಸವಾದ್ದರಿಂದ, ತಡೆಯಬೇಕಾದ ಸುದ್ದಿ ಹೊರಡುವ ಹೊತ್ತಿಗೆ ಅದು ಅಲ್ಲಿದ್ದರೆ ಸಾಕು ಎಂಬುದು ಅರ್ಥವಾಗುವಂಥದ್ದೇ.

ಕಾಫಿಯಾದರೇನು, ಮಾತ್ರೆಯಾದರೇನು ಎಂಬ ಪ್ರಶ್ನೆಯೂ ಇದೆ. ಕೆಫೀನಿನ ಪ್ರಮಾಣ ಸಮನಾಗಿದ್ದರೆ ಎರಡೂ ಒಂದೇ ಬಗೆಯ ಫಲ ಕೊಡುತ್ತವೆಂದು 2013ರ ಪ್ರಯೋಗವೊಂದು ತೋರಿಸಿದೆ. ತೊಡಕಿರುವುದು ಆ ‘ಸಮನಾಗಿದ್ದರೆ’ ಎಂಬಲ್ಲಿ. ರೊಬಸ್ಟಾ ಬೀಜದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇರುತ್ತದೆ. ಪುಡಿಯ ಪ್ರಮಾಣ, ನೀರಿನ ಬಿಸಿ, ಇಳಿಸುವ ಕ್ರಮ, ಲೋಟದ ಗಾತ್ರ ಎಲ್ಲವೂ ಸೇರಿ ಒಂದು ಲೋಟಕ್ಕೂ ಇನ್ನೊಂದಕ್ಕೂ ಹಲವು ಪಟ್ಟು ವ್ಯತ್ಯಾಸ ಬರಬಹುದು. ಮಿಲಿಗ್ರಾಂ ಲೆಕ್ಕದಲ್ಲಿ ಸಿದ್ಧತೆ ನಡೆಸುವವರು ಅಳತೆ ನಮೂದಿಸಿದ ಮಾತ್ರೆ ಅಥವಾ ಗಮ್‌ನತ್ತ ಹೋಗುವುದಕ್ಕೆ ಇದೇ ಕಾರಣ.

ಇನ್ನು ವ್ಯಕ್ತಿಯಿಂದ ವ್ಯಕ್ತಿಗೆ ಕಾಣುವ ವ್ಯತ್ಯಾಸ. ಒಂದೇ ಪ್ರಮಾಣ ಒಬ್ಬರನ್ನು ಚುರುಕಾಗಿಸಿದರೆ ಇನ್ನೊಬ್ಬರ ಎದೆ ಡವಗುಟ್ಟಿಸುತ್ತದೆ. ಕೆಫೀನನ್ನು ಒಡೆಯುವುದು ಯಕೃತ್ತಿನಲ್ಲಿರುವ, ಸಿವೈಪಿ1ಎ2 ಎಂದು ಕರೆಯಲಾಗುವ ಕಿಣ್ವ. ರಕ್ತದಲ್ಲಿರುವ ಕೆಫೀನ್ ಅರ್ಧಕ್ಕಿಳಿಯಲು ಸರಾಸರಿ ಐದು ಗಂಟೆ ಬೇಕಾದರೂ, ಈ ಕಿಣ್ವದ ಚುರುಕುತನವನ್ನು ಅವಲಂಬಿಸಿ ಆ ಅವಧಿ ಬಹಳ ಬದಲಾಗುತ್ತದೆ: ಧೂಮಪಾನ ಮಾಡುವವರಲ್ಲಿ ಕಡಿಮೆ, ಗರ್ಭನಿರೋಧಕ ಮಾತ್ರೆ ಸೇವಿಸುವವರಲ್ಲಿ ಮತ್ತು ಗರ್ಭಿಣಿಯರಲ್ಲಿ ಹೆಚ್ಚು. ಕಿಣ್ವದ ವಂಶವಾಹಿಯಲ್ಲೂ ಭೇದಗಳಿವೆ. ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು 101 ಪುರುಷ ಕ್ರೀಡಾಪಟುಗಳನ್ನು 10 ಕಿಲೋಮೀಟರ್ ಸೈಕಲ್ ಪರೀಕ್ಷೆಗೆ ಒಳಪಡಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿ ಕಿಲೋಗ್ರಾಂಗೆ 4 ಮಿಲಿಗ್ರಾಂ ಸೇವಿಸಿದಾಗ ಬೇಗ ಒಡೆಯುವ ವಂಶವಾಹಿ ಇದ್ದವರ ಸಮಯ 6.8 ಶೇಕಡಾ ಸುಧಾರಿಸಿತು, ನಿಧಾನವಾಗಿ ಒಡೆಯುವ ವಂಶವಾಹಿ ಇದ್ದವರ ಸಮಯ 13.7 ಶೇಕಡಾ ಹದಗೆಟ್ಟಿತು. ಸುದ್ದಿಯಾಗುವಂಥ ಫಲಿತಾಂಶ, ಸುದ್ದಿಯೂ ಆಯಿತು. ಆದರೆ ಬೇರೆ ಹಲವು ಅಧ್ಯಯನಗಳಲ್ಲಿ ಇಂಥ ವ್ಯತ್ಯಾಸ ಕಾಣಿಸಲಿಲ್ಲ. ಎಂಜಲು ಕೊಟ್ಟು ವಂಶವಾಹಿ ಪರೀಕ್ಷೆ ಮಾಡಿಸಿ ಕೆಫೀನಿನ ಪ್ರಮಾಣ ನಿರ್ಧರಿಸಿಕೊಳ್ಳಿ ಎನ್ನುವವರ ಮಾತು ಸದ್ಯಕ್ಕೆ ಆಧಾರವನ್ನು ಮೀರಿದ ಮಾತೆಂದೇ ನನ್ನ ಅಭಿಪ್ರಾಯ. ತರಬೇತಿಯ ದಿನಗಳಲ್ಲಿ ಕಡಿಮೆ ಪ್ರಮಾಣದಿಂದ ಆರಂಭಿಸಿ, ಗಡಿಯಾರ ಹಿಡಿದು ನೋಡಿದರೆ ತಿಳಿಯುವ ಸಂಗತಿ ಅದಕ್ಕಿಂತ ನಂಬಲರ್ಹ.

ಹಾಗೆ ನೋಡುವಾಗಲೂ ಒಂದು ತೊಡಕಿದೆ. 2006ರಲ್ಲಿ ಬ್ರಿಟನ್ನಿನ ಸಂಶೋಧಕರು ಸೈಕಲ್ ಸ್ಪರ್ಧಿಗಳಿಗೆ ಒಮ್ಮೆ ಹುಸಿ ಮಾತ್ರೆ, ಒಮ್ಮೆ ಮಧ್ಯಮ ಪ್ರಮಾಣದ, ಇನ್ನೊಮ್ಮೆ ಹೆಚ್ಚು ಪ್ರಮಾಣದ ಕೆಫೀನ್ ಕೊಡುವುದಾಗಿ ನಂಬಿಸಿ, ಮೂರೂ ಬಾರಿ ಕೆಫೀನ್ ಇಲ್ಲದ ಹುಸಿ ಮಾತ್ರೆಯನ್ನೇ ಕೊಟ್ಟರು. ಹುಸಿ ಮಾತ್ರೆ ಸಿಕ್ಕಿದೆಯೆಂದು ಭಾವಿಸಿದಾಗ ಅವರ ಶಕ್ತಿ ಮೊದಲಿಗಿಂತ 1.4 ಶೇಕಡಾ ಇಳಿಯಿತು, ಮಧ್ಯಮ ಪ್ರಮಾಣ ಎಂದು ನಂಬಿದಾಗ 1.3 ಶೇಕಡಾ ಏರಿತು, ಹೆಚ್ಚು ಪ್ರಮಾಣ ಎಂದು ನಂಬಿದಾಗ 3.1 ಶೇಕಡಾ ಏರಿತು. ನಂಬಿಕೆಯೊಂದೇ ಕೆಫೀನಿನ ಸರಾಸರಿ ಲಾಭಕ್ಕೆ ಸಮೀಪ ಬಂದಂತಾಯಿತು. ಹಾಗೆಂದು ಕೆಫೀನಿನ ಫಲವೆಲ್ಲ ಭ್ರಮೆಯೆಂದು ತಿಳಿಯಬಾರದು, ಏಕೆಂದರೆ ಯಾರಿಗೆ ಏನು ಕೊಟ್ಟಿದೆಯೆಂದು ಕೊಟ್ಟವರಿಗೂ ತೆಗೆದುಕೊಂಡವರಿಗೂ ಗೊತ್ತಿರದಂತೆ ನಡೆಸಿದ ಪ್ರಯೋಗಗಳಲ್ಲೂ ಅದು ಉಳಿದುಕೊಂಡಿದೆ. ಆದರೆ ಶ್ರಮದ ಅನುಭವವನ್ನೇ ಬದಲಿಸುವ ವಸ್ತುವಿನ ವಿಷಯದಲ್ಲಿ ನಿರೀಕ್ಷೆ ಮತ್ತು ರಸಾಯನ ಒಂದೇ ದಾರಿಯಲ್ಲಿ ನಡೆಯುವುದು ಸಹಜ.

ದಿನವೂ ಕಾಫಿ ಕುಡಿಯುವವರಿಗೆ ಸ್ಪರ್ಧೆಯ ದಿನ ಇದರಿಂದ ಉಪಯೋಗವಿಲ್ಲವೇ? ಬ್ರೆಜಿಲಿನಲ್ಲಿ 40 ಸೈಕಲ್ ಸ್ಪರ್ಧಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡಿಮೆ ಕುಡಿಯುವವರಿಗೂ ಹೆಚ್ಚು ಕುಡಿಯುವವರಿಗೂ ಲಾಭ ಒಂದೇ ತೆರನಾಗಿತ್ತು. ಸ್ಪೇನಿನಲ್ಲಿ ಇಪ್ಪತ್ತು ದಿನ ಎಡೆಬಿಡದೆ ಕೆಫೀನ್ ಕೊಟ್ಟು ನೋಡಿದ ಅಧ್ಯಯನದಲ್ಲಿ ಮೊದಲ ದಿನದ ಲಾಭ ಕ್ರಮೇಣ ಕುಗ್ಗಿತು. ಮಾತು ಇನ್ನೂ ಇತ್ಯರ್ಥವಾಗಿಲ್ಲ. ಸ್ಪರ್ಧೆಗೆ ನಾಲ್ಕು ದಿನ ಮುಂಚೆ ಕಾಫಿ ಬಿಟ್ಟು ‘ಗ್ರಾಹಕಗಳನ್ನು ತೊಳೆದುಕೊಳ್ಳುವ’ ಸಲಹೆ ಮಾತ್ರ ಅನುಮಾನಾಸ್ಪದ. ಬಿಟ್ಟ 12ರಿಂದ 24 ಗಂಟೆಗಳಲ್ಲಿ ಆರಂಭವಾಗುವ ತಲೆನೋವು, ಮಂಕು, ಸಿಡುಕು ವಾರದವರೆಗೂ ಮುಂದುವರಿಯಬಹುದು. ಅದನ್ನು ಹೊತ್ತು ಕಣಕ್ಕಿಳಿಯುವುದರಲ್ಲಿ ಯಾವ ಜಾಣತನವೂ ಕಾಣುವುದಿಲ್ಲ. ಕೆಫೀನ್ ದೇಹದ ನೀರನ್ನು ಹೊರಹಾಕಿ ಒಣಗಿಸುತ್ತದೆ ಎಂಬ ಹೆದರಿಕೆಯೂ ಮಾಮೂಲಿ ಪ್ರಮಾಣದಲ್ಲಿ ಆಧಾರವಿಲ್ಲದ್ದು: ವ್ಯಾಯಾಮದ ವೇಳೆಯಲ್ಲಿ ಆ ಪರಿಣಾಮ ಬಹುತೇಕ ಅಡಗಿಹೋಗುತ್ತದೆ.

ನಿದ್ರೆಯ ವಿಷಯ ಹಾಗಲ್ಲ. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ಸೇವಿಸಿದರೂ ನಿದ್ರೆ ಒಂದು ಗಂಟೆಗಿಂತ ಹೆಚ್ಚು ಕಡಿತವಾಗುತ್ತದೆಂದು 2013ರ ಅಧ್ಯಯನವೊಂದು ಅಳೆದು ತೋರಿಸಿತು. ಸಂಜೆಯ ಪಂದ್ಯಕ್ಕಾಗಿ ಸೇವಿಸಿದ ಕೆಫೀನ್ ಮಧ್ಯರಾತ್ರಿಯವರೆಗೂ ರಕ್ತದಲ್ಲಿರುತ್ತದೆ. ಮರುದಿನವೂ ಪಂದ್ಯವಿರುವ ಕ್ರೀಡಾಕೂಟದಲ್ಲಿ, ಇಂದು ಗಳಿಸಿದ ಎರಡು ಶೇಕಡಾವನ್ನು ನಾಳೆಯ ನಿದ್ದೆಗಣ್ಣು ಬಡ್ಡಿ ಸಮೇತ ಕಸಿದುಕೊಳ್ಳಬಹುದು, ಏಕೆಂದರೆ ಸ್ನಾಯುಗಳ ದುರಸ್ತಿ, ಪ್ರತಿಕ್ರಿಯೆಯ ವೇಗ, ನಿರ್ಧಾರದ ಚುರುಕು ಎಲ್ಲಕ್ಕೂ ನಿದ್ರೆ ಬೇಕು.

ಇಷ್ಟೆಲ್ಲ ಪರಿಣಾಮವಿರುವ ವಸ್ತು ಉದ್ದೀಪನ ಮದ್ದಲ್ಲವೇ ಎಂಬ ಸಂದೇಹ ಸಹಜ. ಹಿಂದೆ ನಿರ್ಬಂಧವಿತ್ತು. ಒಲಿಂಪಿಕ್ ಸಮಿತಿ 1984ರಿಂದ ಮೂತ್ರದಲ್ಲಿನ ಕೆಫೀನಿಗೆ ಮಿತಿ ಹಾಕಿತ್ತು. ಮುಂದೆ ಆ ಮಿತಿ ಪ್ರತಿ ಮಿಲಿಲೀಟರಿಗೆ 12 ಮೈಕ್ರೋಗ್ರಾಂ ಎಂದಾಯಿತು. ಅದನ್ನು ಮೀರಿದ್ದಕ್ಕಾಗಿ ಆಸ್ಟ್ರೇಲಿಯಾದ ಮಾಡರ್ನ್ ಪೆಂಟಾಥ್ಲಾನ್ ಸ್ಪರ್ಧಿ ಅಲೆಕ್ಸ್ ವಾಟ್ಸನ್ 1988ರ ಸೋಲ್ ಒಲಿಂಪಿಕ್ಸ್‌ನಿಂದ ಹೊರಬೀಳಬೇಕಾಯಿತು. ನಿಯಮದ ದೌರ್ಬಲ್ಯ ನಿಧಾನವಾಗಿ ಬಯಲಾಯಿತು. ಸೇವಿಸಿದ ಕೆಫೀನಿನಲ್ಲಿ ಕೇವಲ ಒಂದೆರಡು ಶೇಕಡಾದಷ್ಟು ಹಾಗೆಯೇ ಮೂತ್ರಕ್ಕೆ ಬರುತ್ತದೆ, ಅದೂ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಸಾಮರ್ಥ್ಯ ಹೆಚ್ಚಿಸಲು ಬೇಕಾದ 3ರಿಂದ 6 ಮಿಲಿಗ್ರಾಂ ಸೇವಿಸಿದವರು ಮಿತಿಯ ಕೆಳಗೇ ಉಳಿಯುತ್ತಿದ್ದರು. ಲಾಭ ಪಡೆದವರನ್ನು ಬಿಟ್ಟು, ಅತಿಯಾಗಿ ಸೇವಿಸಿ ಲಾಭವನ್ನೂ ಕಳೆದುಕೊಂಡವರನ್ನು ಹಿಡಿಯುವ ನಿಯಮ ಅದಾಗಿತ್ತು. ಉದ್ದೀಪನ ಮದ್ದು ತಡೆಯ ವಿಶ್ವ ಸಂಸ್ಥೆ, ಅಂದರೆ ವಾಡಾ, 2004ರ ಜನವರಿ 1ರಿಂದ ಕೆಫೀನನ್ನು ನಿಷೇಧಿತ ಪಟ್ಟಿಯಿಂದ ಕೈಬಿಟ್ಟು, ಬಳಕೆಯ ಮೇಲೆ ಕಣ್ಣಿಡುವ ಪಟ್ಟಿಗೆ ಸೇರಿಸಿತು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಮಾತ್ರ 15 ಮೈಕ್ರೋಗ್ರಾಂ ಮಿತಿಯನ್ನು ಮುಂದುವರಿಸಿತು.

ನಿಷೇಧವಿಲ್ಲವೆಂದ ಮಾತ್ರಕ್ಕೆ ನಿರಪಾಯವೆಂದು ಅರ್ಥವಲ್ಲ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಆರೋಗ್ಯವಂತ ವಯಸ್ಕರಿಗೆ ಒಂದು ಬಾರಿಗೆ 200 ಮಿಲಿಗ್ರಾಂ, ದಿನವಿಡೀ ಸೇರಿ 400 ಮಿಲಿಗ್ರಾಂವರೆಗೆ ಆತಂಕವಿಲ್ಲವೆಂದು ಹೇಳಿತು. ಗರ್ಭಿಣಿಯರಿಗೆ ದಿನಕ್ಕೆ 200 ಮಿಲಿಗ್ರಾಂ. ಕ್ರೀಡಾ ಪ್ರಮಾಣದ ಮೇಲ್ತುದಿ ಈ ಅಂಕಿಗಳನ್ನು ಸುಲಭವಾಗಿ ದಾಟುತ್ತದೆ ಎಂಬುದನ್ನು ಗಮನಿಸಬೇಕು. ಎದೆಬಡಿತದ ಲಯ ತಪ್ಪುವವರು, ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಆತಂಕದ ಕಾಯಿಲೆಯವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು. ಮಕ್ಕಳ ಕ್ರೀಡೆಯಲ್ಲಿ ಇದಕ್ಕೆ ಜಾಗವೇ ಇಲ್ಲ.

ಅತ್ಯಂತ ಅಪಾಯಕಾರಿ ರೂಪವೆಂದರೆ ಶುದ್ಧ ಪುಡಿ. ಬ್ರಿಟನ್ನಿನ ನಾರ್ಥಂಬ್ರಿಯಾ ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ವ್ಯಾಯಾಮದ ಮೇಲೆ ಕೆಫೀನಿನ ಪರಿಣಾಮವನ್ನು ಅಳೆಯುವ ಪ್ರಯೋಗಕ್ಕೆ ಸ್ವಯಂಪ್ರೇರಿತರಾಗಿ ಬಂದಿದ್ದ ಇಬ್ಬರು ಕ್ರೀಡಾ ವಿಜ್ಞಾನದ ವಿದ್ಯಾರ್ಥಿಗಳಿಗೆ 0.3 ಗ್ರಾಂ ಬದಲು 30 ಗ್ರಾಂ ಕೊಡಲಾಯಿತು. ಮೊಬೈಲ್ ಫೋನಿನಲ್ಲಿ ಮಾಡಿದ ಲೆಕ್ಕದಲ್ಲಿ ದಶಮಾಂಶ ಬಿಂದು ತಪ್ಪಿದ ಜಾಗದಲ್ಲಿ ಕುಳಿತಿತ್ತು. ತೀವ್ರ ನಿಗಾ ಘಟಕ ಸೇರಿ ಡಯಾಲಿಸಿಸ್‌ಗೆ ಒಳಗಾದ ಇಬ್ಬರೂ ಬದುಕುಳಿದರು. 2017ರಲ್ಲಿ ನ್ಯಾಯಾಲಯ ವಿಶ್ವವಿದ್ಯಾಲಯಕ್ಕೆ 4 ಲಕ್ಷ ಪೌಂಡ್ ದಂಡ ವಿಧಿಸಿತು. ಅಳತೆಯ ಉಪಕರಣಗಳಿರುವ ಪ್ರಯೋಗಾಲಯದಲ್ಲೇ ಹೀಗಾಗಬಹುದಾದರೆ, ಮನೆಯಲ್ಲಿ ಚಮಚ ಹಿಡಿದವರ ಗತಿಯನ್ನು ಊಹಿಸಬಹುದು. ಒಂದು ಟೀ ಚಮಚ ಶುದ್ಧ ಪುಡಿ 28 ಕಪ್ ಕಾಫಿಗೆ ಸಮನಾಗಬಹುದೆಂದು ಲೆಕ್ಕ ಹಾಕಿದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಇಂಥ ಪುಡಿ ಮತ್ತು ಗಾಢ ದ್ರಾವಣಗಳನ್ನು ಗ್ರಾಹಕರಿಗೆ ನೇರವಾಗಿ ಸಗಟಾಗಿ ಮಾರುವುದು ಕಾನೂನುಬಾಹಿರವೆಂದು 2018ರಲ್ಲಿ ತಯಾರಕರಿಗೆ ಸ್ಪಷ್ಟಪಡಿಸಿತು.